ಗಣನೆಯ ನೋಟ್‌ಬುಕ್: ಸ್ಥಾಪನೆಯ ದೃಷ್ಟಿಯಿಂದ ಒಂದು ಚಾರಿತ್ರಿಕ ಸಮೀಕ್ಷೆ

೧. ವಿಷಯಪ್ರವೇಶ

ಗಣಿತ, ಭೌತಶಾಸ್ತ್ರ, ಅರ್ಥಶಾಸ್ತ್ರ, ಜೀವಶಾಸ್ತ್ರ ಮೊದಲಾದ ವಿಷಯಗಳಲ್ಲಿ ಇಂದು ಸಂಶೋಧನೆ ನಡೆಸುವವರು ತಮ್ಮ ಲೆಕ್ಕಾಚಾರವನ್ನು ‘ನೋಟ್‌ಬುಕ್’ ಎಂಬ ರೂಪದಲ್ಲಿ ಬರೆದಿಡುವುದು ರೂಢಿಯಾಗಿದೆ. ವಿವರಣೆಯ ಗದ್ಯ, ಗಣಿತದ ಸೂತ್ರ, ಗಣಕಯಂತ್ರಕ್ಕೆ ಕೊಟ್ಟ ಆದೇಶ, ಆ ಆದೇಶದಿಂದ ದೊರೆತ ಫಲ, ಆ ಫಲವನ್ನು ತೋರಿಸುವ ನಕ್ಷೆ, ಇವೆಲ್ಲವೂ ಒಂದೇ ಪುಟದಲ್ಲಿ ಒಂದರ ಕೆಳಗೊಂದು ಬರುವಂತೆ ಏರ್ಪಡಿಸಿದ ಕಡತಕ್ಕೆ ಈ ಹೆಸರು ಸಲ್ಲುತ್ತದೆ. ಅಚ್ಚಾದ ಪ್ರಬಂಧವನ್ನು ಓದುವವನು ಲೇಖಕನ ಮಾತನ್ನು ನಂಬಬೇಕಾಗುತ್ತದೆ. ನೋಟ್‌ಬುಕ್ಕನ್ನು ಓದುವವನಾದರೋ ಅದರೊಳಗಿನ ಆದೇಶಗಳನ್ನು ತನ್ನ ಯಂತ್ರದಲ್ಲಿಯೇ ಮತ್ತೊಮ್ಮೆ ನಡೆಯಿಸಿ, ಅದೇ ಫಲ ಬರುವುದೋ ಇಲ್ಲವೋ ಎಂಬುದನ್ನು ಸ್ವತಃ ಪರೀಕ್ಷಿಸಬಹುದು. ಈ ಪರೀಕ್ಷಾರ್ಹತೆಯೇ ನೋಟ್‌ಬುಕ್ಕಿನ ಜೀವಾಳ.

ಆದರೆ ಈ ಪರೀಕ್ಷೆ ನಡೆಯಬೇಕಾದರೆ, ಓದುವವನ ಯಂತ್ರದಲ್ಲಿ ತಕ್ಕ ತಂತ್ರಾಂಶವು ಮೊದಲೇ ನೆಲೆಗೊಂಡಿರಬೇಕು. ತಂತ್ರಾಂಶವನ್ನು ಹೀಗೆ ಯಂತ್ರದಲ್ಲಿ ನೆಲೆಗೊಳಿಸುವ ಕಾರ್ಯವನ್ನು, ಎಂದರೆ ಸಾಮಾನ್ಯವಾಗಿ ‘ಇನ್‌ಸ್ಟಾಲ್ ಮಾಡುವುದು’ ಎಂದು ನಾವು ಕರೆಯುವ ಕೆಲಸವನ್ನು, ಪ್ರಸ್ತುತ ಲೇಖನದಲ್ಲಿ ‘ಸ್ಥಾಪನೆ’ ಎಂದು ನಿರ್ದೇಶಿಸಿದ್ದೇವೆ. ನೋಟ್‌ಬುಕ್ಕಿನ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಅದರ ನಿರ್ಮಾಪಕರ ಪ್ರತಿಭೆಯನ್ನೂ ಅದರ ನೂತನ ಗುಣಗಳನ್ನೂ ವರ್ಣಿಸಿ, ಸ್ಥಾಪನೆಯ ವಿಚಾರವನ್ನು ಕೈಪಿಡಿಗಳಿಗೆ ಬಿಟ್ಟುಬಿಡುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಇದು ಯುಕ್ತವಲ್ಲ. ನೋಟ್‌ಬುಕ್ ಯಾರ ಕೈಗೆ ಸಿಕ್ಕಿತು, ಯಾರ ಕೈಗೆ ಸಿಗಲಿಲ್ಲ, ಒಬ್ಬನು ಬರೆದುದನ್ನು ಮತ್ತೊಬ್ಬನು ನಡೆಯಿಸಿ ನೋಡಲು ಸಾಧ್ಯವಾಯಿತೇ ಎಂಬ ಪ್ರಶ್ನೆಗಳೆಲ್ಲ ತೀರ್ಮಾನವಾದದ್ದು ಸ್ಥಾಪನೆಯ ಹೊಸ್ತಿಲಿನಲ್ಲಿಯೇ. ಆದುದರಿಂದ ಆ ಹೊಸ್ತಿಲಿನ ಇತಿಹಾಸವನ್ನು ಕಾಲಾನುಕ್ರಮವಾಗಿ ಪರಿಶೀಲಿಸುವುದು ಇಲ್ಲಿ ನಮ್ಮ ಉದ್ದೇಶ.

೨. ಪೂರ್ವರಂಗ

ಗಣಕಯಂತ್ರವು ಮೇಜಿನ ಮೇಲೆ ಬಂದು ಕೂರುವುದಕ್ಕೆ ಮುಂಚಿನ ಕಾಲದಲ್ಲಿ ಸ್ಥಾಪನೆಯ ಸಮಸ್ಯೆ ಸಾಮಾನ್ಯ ಬಳಕೆದಾರನಿಗೆ ಇರಲೇ ಇಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ೧೯೬೮ರಲ್ಲಿ ‘ಮ್ಯಾಕ್ಸಿಮಾ’ ಎಂಬ ಬೀಜಗಣಿತದ ತಂತ್ರಾಂಶದ ಕೆಲಸ ಆರಂಭವಾಯಿತು. ಕಾರ್ಲ್ ಎಂಗಲ್‌ಮನ್, ವಿಲಿಯಂ ಮಾರ್ಟಿನ್, ಜೋಯೆಲ್ ಮೋಸೆಸ್ ಎಂಬವರು ಇದರ ಪ್ರವರ್ತಕರು. ಈ ತಂತ್ರಾಂಶವು ಆ ಸಂಸ್ಥೆಯ ದೊಡ್ಡ ಯಂತ್ರದಲ್ಲಿ ನೆಲೆಗೊಂಡಿದ್ದಿತು. ಎಪ್ಪತ್ತರ ದಶಕದಲ್ಲಿ ಅರ್ಪಾನೆಟ್ ಎಂಬ ಜಾಲದ ಮೂಲಕ ದೂರದ ಊರುಗಳ ವಿದ್ವಾಂಸರೂ ತಮ್ಮ ಟರ್ಮಿನಲ್ಲುಗಳಿಂದ ಅದನ್ನು ಬಳಸುತ್ತಿದ್ದರು. ತಂತ್ರಾಂಶವನ್ನು ನೆಲೆಗೊಳಿಸಿ ಕಾಪಾಡುವ ಹೊಣೆಯೆಲ್ಲ ಆ ಯಂತ್ರವನ್ನು ನೋಡಿಕೊಳ್ಳುವವರದಾಗಿದ್ದಿತು. ಒಂದು ಕಡೆ ಸ್ಥಾಪಿಸಿ ಹಲವು ಕಡೆಗಳಿಂದ ಬಳಸುವ ಈ ಪದ್ಧತಿಯು ಅನಂತರ ಮರೆಯಾಗಿ, ನಾಲ್ಕು ದಶಕಗಳ ಮೇಲೆ ಬೇರೊಂದು ವೇಷದಲ್ಲಿ ಮರಳಿ ಬಂದುದನ್ನು ಮುಂದೆ ಕಾಣುವೆವು.

ವಿವರಣೆಯನ್ನೂ ಆದೇಶವನ್ನೂ ಒಂದೇ ಬರಹದಲ್ಲಿ ಹೆಣೆಯಬೇಕೆಂಬ ವಿಚಾರಕ್ಕೆ ಶಾಸ್ತ್ರೀಯ ರೂಪ ಕೊಟ್ಟವರು ಡೊನಾಲ್ಡ್ ಕ್ನೂತ್. ೧೯೮೪ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ಅವರು, ಕ್ರಮವಿಧಿಯನ್ನು ಯಂತ್ರಕ್ಕಾಗಿ ಬರೆಯುವುದಕ್ಕಿಂತ ಮನುಷ್ಯನು ಓದುವ ಸಾಹಿತ್ಯವೆಂಬಂತೆ ಬರೆಯಬೇಕೆಂದು ವಾದಿಸಿದರು. ೧೯೮೬ರಲ್ಲಿ ಹೊರಬಂದ ‘ಮ್ಯಾಥ್‌ಕ್ಯಾಡ್’ ಎಂಬ ತಂತ್ರಾಂಶವು ಸೂತ್ರವನ್ನೂ ಉತ್ತರವನ್ನೂ ನಕ್ಷೆಯನ್ನೂ ಒಂದೇ ಹಾಳೆಯ ಮೇಲೆ ತೋರಿಸಿತು.

ನೋಟ್‌ಬುಕ್ ಎಂಬ ಹೆಸರಿಗೂ ಅದರ ಇಂದಿನ ರಚನೆಗೂ ಮೂಲವಾದುದು ೧೯೮೮ರ ಜೂನ್ ತಿಂಗಳಿನಲ್ಲಿ ಸ್ಟೀಫನ್ ವೂಲ್ಫ್ರಮ್ ಅವರ ಸಂಸ್ಥೆಯು ಹೊರತಂದ ‘ಮ್ಯಾಥಮ್ಯಾಟಿಕ’. ಇದರ ನೋಟ್‌ಬುಕ್ ಭಾಗವನ್ನು ರೂಪಿಸುವುದರಲ್ಲಿ ಥಿಯೋಡರ್ ಗ್ರೇ ಅವರ ಪಾತ್ರ ಹಿರಿದು. ಈ ತಂತ್ರಾಂಶದ ರಚನೆಯಲ್ಲಿ ಒಂದು ಅಂಶವನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಇದು ಎರಡು ಭಾಗಗಳಾಗಿ ಒಡೆದಿದ್ದಿತು: ಪುಟವನ್ನು ತೋರಿಸಿ ಬರಹವನ್ನು ಸ್ವೀಕರಿಸುವ ಮುಖಭಾಗ ಒಂದು; ಲೆಕ್ಕವನ್ನು ನಿಜವಾಗಿ ಮಾಡುವ, ‘ಕರ್ನೆಲ್’ ಎಂದು ಹೆಸರಾದ ಒಳಭಾಗ ಮತ್ತೊಂದು. ಇವೆರಡೂ ಒಂದೇ ಯಂತ್ರದಲ್ಲಿರಬೇಕೆಂಬ ನಿರ್ಬಂಧವಿರಲಿಲ್ಲ. ಮೇಜಿನ ಮೇಲಿನ ಚಿಕ್ಕ ಯಂತ್ರದಲ್ಲಿ ಪುಟವನ್ನು ತೆರೆದು, ಬೇರೊಂದು ಬಲಿಷ್ಠ ಯಂತ್ರದಿಂದ ಲೆಕ್ಕವನ್ನು ಮಾಡಿಸಬಹುದಾಗಿದ್ದಿತು. ಡೆಸ್ಕ್‌ಟಾಪ್ ಮತ್ತು ಸರ್ವರ್ ಎಂಬ ಎರಡು ಬಗೆಯ ಸ್ಥಾಪನೆಗೂ ಬೀಜವು ಈ ವಿಭಜನೆಯಲ್ಲಿದೆ.

ಮ್ಯಾಥಮ್ಯಾಟಿಕದ ಸ್ಥಾಪನೆಯೇನೋ ಸುಲಭವೇ. ಒಂದೇ ಸಂಸ್ಥೆಯು ಎಲ್ಲವನ್ನೂ ಸಿದ್ಧಪಡಿಸಿ ಒಂದೇ ಕಟ್ಟಿನಲ್ಲಿ ಕೊಡುತ್ತಿದ್ದುದರಿಂದ ಬಿಡಿಭಾಗಗಳನ್ನು ಹುಡುಕುವ ತೊಂದರೆ ಇರಲಿಲ್ಲ. ತೊಡಕಿದ್ದುದು ಪರವಾನಗಿಯಲ್ಲಿ. ಹಣ ಕೊಟ್ಟು ಪರವಾನಗಿ ಪಡೆದವನಿಗೆ ಮಾತ್ರ ಬಾಗಿಲು ತೆರೆಯುತ್ತಿದ್ದಿತು. ಬಡ ಕಾಲೇಜಿನ ವಿದ್ಯಾರ್ಥಿಯು ಶ್ರೀಮಂತ ವಿಶ್ವವಿದ್ಯಾನಿಲಯದ ನೋಟ್‌ಬುಕ್ಕನ್ನು ನೋಡಬಹುದು. ಆದರೆ ನಡೆಯಿಸಿ ಪರೀಕ್ಷಿಸಲಾರ.

೩. ಮುಕ್ತ ತಂತ್ರಾಂಶ ಮತ್ತು ಬಿಡಿಭಾಗಗಳ ತೊಡಕು

ಹಣದ ಈ ಅಡ್ಡಿಯನ್ನು ದಾಟುವ ಪ್ರಯತ್ನಗಳು ಬೇರೆ ದಿಕ್ಕಿನಿಂದ ನಡೆದುವು. ಗೀಡೊ ವಾನ್ ರೋಸಮ್ ಅವರು ಆಮ್‌ಸ್ಟರ್‌ಡ್ಯಾಮಿನಲ್ಲಿ ರಚಿಸಿದ ಪೈಥಾನ್ ಭಾಷೆಯು ೧೯೯೧ರಲ್ಲಿ ಸಾರ್ವಜನಿಕರಿಗೆ ದೊರೆಯಿತು. ಕೊಲಂಬಿಯ ದೇಶದವರಾದ ಫರ್ನಾಂಡೊ ಪೆರೆಸ್ ಅವರು ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಸಂಶೋಧನ ವಿದ್ಯಾರ್ಥಿಯಾಗಿದ್ದಾಗ, ೨೦೦೧ರಲ್ಲಿ, ಪೈಥಾನನ್ನು ಸಂವಾದರೂಪದಲ್ಲಿ ಬಳಸಲು ೨೫೯ ಸಾಲುಗಳ ಒಂದು ಚಿಕ್ಕ ಕ್ರಮವಿಧಿಯನ್ನು ಬರೆದರು. ಇದೇ ‘ಐಪೈಥಾನ್’. ಅದೇ ಕಾಲದಲ್ಲಿ ಸೈಪೈ ೨೦೦೧ರಲ್ಲಿಯೂ, ನಕ್ಷೆಗಳನ್ನು ಬರೆಯುವ ಮ್ಯಾಟ್‌ಪ್ಲಾಟ್‌ಲಿಬ್ ೨೦೦೩ರಲ್ಲಿಯೂ, ನಂಪೈಯ ಮೊದಲ ಪೂರ್ಣ ಆವೃತ್ತಿ ೨೦೦೬ರಲ್ಲಿಯೂ ಬಳಕೆಗೆ ಬಂದುವು.

ಇವೆಲ್ಲವೂ ಉಚಿತ. ಆದರೆ ಒಂದೊಂದನ್ನೂ ಬೇರೆ ಬೇರೆ ಜನರು ಬೇರೆ ಬೇರೆ ಊರುಗಳಲ್ಲಿ ರಚಿಸಿದ್ದರು. ಒಂದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು ಎಂಬಂತೆ ಇವು ಪರಸ್ಪರ ಅವಲಂಬಿಸಿದ್ದುವು. ಸೈಪೈಯ ಬುಡದಲ್ಲಿ, ಫೋರ್ಟ್ರಾನ್ ಭಾಷೆಯಲ್ಲಿ ಬರೆದ, ೧೯೯೨ರಲ್ಲಿ ಮೊದಲು ಹೊರಬಂದ ಲ್ಯಾಪ್ಯಾಕ್ ಎಂಬ ರೇಖಾತ್ಮಕ ಬೀಜಗಣಿತದ ಸಂಗ್ರಹವಿದ್ದಿತು. ಇಂತಹ ಭಾಗಗಳನ್ನು ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ಪರಿವರ್ತಿಸಲು ಕಂಪೈಲರ್ ಬೇಕು. ಲಿನಕ್ಸ್ ಬಳಸುವವರಿಗೆ ಅದು ಸುಲಭವಾಗಿ ಸಿಗುತ್ತಿದ್ದಿತು. ವಿಂಡೋಸ್ ಯಂತ್ರಗಳಲ್ಲಿ ಅದು ಇರುತ್ತಿರಲಿಲ್ಲ. ಅಮೆರಿಕದ ಅರ್ವೈನ್ ನಗರದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿದ್ದ ಕ್ರಿಸ್ಟೋಫ್ ಗೋಲ್ಕೆ ಅವರು ಈ ಭಾಗಗಳನ್ನೆಲ್ಲ ವಿಂಡೋಸಿಗಾಗಿ ಸಿದ್ಧರೂಪಕ್ಕೆ ತಂದು ಹಲವು ವರ್ಷ ಉಚಿತವಾಗಿ ಒದಗಿಸಿದರು. ಲೋಕದ ಅನೇಕ ಪ್ರಯೋಗಶಾಲೆಗಳು ಒಬ್ಬ ವ್ಯಕ್ತಿಯ ಈ ಸೇವೆಯನ್ನು ನೆಚ್ಚಿಕೊಂಡಿದ್ದುವು. ಪರವಾನಗಿಯ ಅಡ್ಡಿ ಹೋದ ಕಡೆ ಪರಿಣತಿಯ ಅಡ್ಡಿ ಬಂದು ನಿಂತಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇದಕ್ಕೆ ಒಂದು ಧೀರ ಪರಿಹಾರವನ್ನು ಸೂಚಿಸಿದವರು ಗಣಿತಜ್ಞ ವಿಲಿಯಂ ಸ್ಟೈನ್. ೨೦೦೫ರಲ್ಲಿ ಅವರು ಆರಂಭಿಸಿದ ‘ಸೇಜ್’ ಎಂಬ ಯೋಜನೆಯು, ಹತ್ತಾರು ಮುಕ್ತ ಗಣಿತ ತಂತ್ರಾಂಶಗಳನ್ನು ಅವುಗಳ ಎಲ್ಲ ಬಿಡಿಭಾಗಗಳೊಡನೆ ಒಂದೇ ಕಟ್ಟಿನಲ್ಲಿ ಸೇರಿಸಿತು. ಆ ಕಟ್ಟಿನಲ್ಲಿ ಮೇಲೆ ಹೇಳಿದ ಹಳೆಯ ಮ್ಯಾಕ್ಸಿಮಾದ ಸಂತತಿಯೂ ಸೇರಿದ್ದಿತು. ೧೯೮೨ರಲ್ಲಿ ಅಮೆರಿಕದ ಇಂಧನ ಇಲಾಖೆಗೆ ಸಂದ ಅದರ ಒಂದು ಪ್ರತಿಯನ್ನು ಟೆಕ್ಸಸ್ ವಿಶ್ವವಿದ್ಯಾನಿಲಯದ ವಿಲಿಯಂ ಶೆಲ್ಟರ್ ಅವರು ೨೦೦೧ರಲ್ಲಿ ತಾವು ತೀರಿಕೊಳ್ಳುವವರೆಗೂ ಪೋಷಿಸಿ, ೧೯೯೮ರಲ್ಲಿ ಅನುಮತಿ ಪಡೆದು ಅದನ್ನು ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿದ್ದರು. ಸೇಜ್ ತನ್ನ ನೋಟ್‌ಬುಕ್ಕನ್ನು ಅಂತರಜಾಲದ ಬ್ರೌಸರಿನಲ್ಲಿ ತೋರಿಸಿತು. ಆದರೆ ಕಟ್ಟು ಅತಿ ಭಾರವಾಯಿತು. ಮೂಲದಿಂದ ಕಟ್ಟಿಕೊಳ್ಳಲು ಗಂಟೆಗಳ ಕಾಲ ಹಿಡಿಯುತ್ತಿದ್ದಿತು. ವಿಂಡೋಸಿನಲ್ಲಿ ನೇರವಾಗಿ ನೆಲೆಗೊಳಿಸಲು ಬಹುಕಾಲ ಸಾಧ್ಯವಾಗದೆ, ಯಂತ್ರದೊಳಗೆ ಮತ್ತೊಂದು ಕಲ್ಪಿತ ಯಂತ್ರವನ್ನು ಸೃಷ್ಟಿಸಿ ಅದರೊಳಗೆ ಸೇಜನ್ನು ನಡೆಯಿಸಬೇಕಾಗಿದ್ದಿತು.

೪. ಜೂಪಿಟರ್

೨೦೧೧ರ ಡಿಸೆಂಬರಿನಲ್ಲಿ ಐಪೈಥಾನಿನ ೦.೧೨ನೆಯ ಆವೃತ್ತಿಯೊಡನೆ ಬ್ರೌಸರಿನಲ್ಲಿ ತೆರೆಯುವ ನೋಟ್‌ಬುಕ್ ಹೊರಬಂದಿತು. ಪೆರೆಸ್ ಅವರೊಡನೆ ಬ್ರಯಾನ್ ಗ್ರೇಂಜರ್, ಮಿನ್ ರೇಗನ್-ಕೆಲ್ಲಿ ಮೊದಲಾದವರು ಇದಕ್ಕಾಗಿ ದುಡಿದರು. ೨೦೧೨ರಲ್ಲಿ ಸ್ಲೋನ್ ಪ್ರತಿಷ್ಠಾನವು ೧೧.೫ ಲಕ್ಷ ಡಾಲರುಗಳ ನೆರವನ್ನು ಘೋಷಿಸಿತು. ಇದರಲ್ಲಿ ಮ್ಯಾಥಮ್ಯಾಟಿಕದ ದ್ವಿಭಾಗ ರಚನೆಯೇ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿರುವುದು ಕಂಡುಬರುತ್ತದೆ. ಇಲ್ಲಿ ಮೂರು ಭಾಗಗಳು: ಪುಟವನ್ನು ತೋರಿಸುವ ಬ್ರೌಸರ್, ಕಡತಗಳನ್ನು ನೋಡಿಕೊಳ್ಳುವ ನೋಟ್‌ಬುಕ್ ಸರ್ವರ್, ಲೆಕ್ಕ ಮಾಡುವ ಕರ್ನೆಲ್.

ಇದರ ಪರಿಣಾಮವೊಂದನ್ನು ಇಲ್ಲಿ ವಿವರಿಸುವುದು ಅವಶ್ಯಕ. ವಿದ್ಯಾರ್ಥಿಯೊಬ್ಬನು ತನ್ನ ಮನೆಯ ಡೆಸ್ಕ್‌ಟಾಪಿನಲ್ಲಿ ನೋಟ್‌ಬುಕ್ಕನ್ನು ಆರಂಭಿಸಿದಾಗ, ಆ ಯಂತ್ರದೊಳಗೆ ಒಂದು ಚಿಕ್ಕ ಸರ್ವರ್ ಎಚ್ಚರಗೊಂಡು, ಸಾಮಾನ್ಯವಾಗಿ ೮೮೮೮ ಎಂಬ ಸಂಖ್ಯೆಯ ದ್ವಾರದಲ್ಲಿ ಕಾದಿರುತ್ತದೆ. ಅದೇ ಯಂತ್ರದ ಬ್ರೌಸರ್ ಆ ದ್ವಾರವನ್ನು ತಟ್ಟುತ್ತದೆ. ವಿದ್ಯಾರ್ಥಿಗೆ ಅರಿವಿಲ್ಲದೆಯೇ ಅವನ ಯಂತ್ರವು ಸರ್ವರೂ ಆಗಿದೆ, ಗ್ರಾಹಕನೂ ಆಗಿದೆ. ಆದಕಾರಣ ಅದೇ ತಂತ್ರಾಂಶವನ್ನು ಬೇರೊಂದು ಕೊಠಡಿಯ, ಬೇರೊಂದು ಖಂಡದ ಯಂತ್ರದಲ್ಲಿ ಇರಿಸಿದರೂ ಪುಟದ ನೋಟದಲ್ಲಿ ವ್ಯತ್ಯಾಸವೇನೂ ಆಗುವುದಿಲ್ಲ. ಡೆಸ್ಕ್‌ಟಾಪಿನ ಸ್ಥಾಪನೆಗೂ ಸರ್ವರಿನ ಸ್ಥಾಪನೆಗೂ ನಡುವೆ ಇದ್ದ ಗೋಡೆ ಇಲ್ಲಿ ತೆಳುವಾಯಿತು.

೨೦೧೪ರಲ್ಲಿ ಈ ಯೋಜನೆಯು ‘ಜೂಪಿಟರ್’ ಎಂಬ ಹೊಸ ಹೆಸರನ್ನು ಪಡೆಯಿತು. ಜೂಲಿಯ, ಪೈಥಾನ್, ಆರ್ ಎಂಬ ಮೂರು ಭಾಷೆಗಳ ಹೆಸರುಗಳು ಇದರಲ್ಲಿ ಅಡಗಿವೆ. ಗುರುಗ್ರಹದ ಉಪಗ್ರಹಗಳನ್ನು ಗೆಲಿಲಿಯೊ ಗುರುತುಹಾಕಿಕೊಂಡ ಟಿಪ್ಪಣಿ ಪುಸ್ತಕದ ಸ್ಮರಣೆಯೂ ಇದೆ. ೨೦೧೫ರಲ್ಲಿ ಯಾವ ಭಾಷೆಗೂ ಸೇರದ ನೋಟ್‌ಬುಕ್ ಒಂದು ಕಡೆ, ಪೈಥಾನಿನ ಕರ್ನೆಲ್ ಮತ್ತೊಂದು ಕಡೆ ಎಂದು ಪ್ಯಾಕೇಜುಗಳನ್ನು ಬೇರ್ಪಡಿಸಲಾಯಿತು. ಇದರಿಂದ ಕರ್ನೆಲ್ಲಿನ ಸ್ಥಾಪನೆಯೇ ಒಂದು ಪ್ರತ್ಯೇಕ ಕಾರ್ಯವಾಯಿತು. ಒಂದೇ ನೋಟ್‌ಬುಕ್ಕಿನ ಕೆಳಗೆ ಹಲವು ಭಾಷೆಗಳ ಕರ್ನೆಲ್ಲುಗಳನ್ನು ಇರಿಸಬಹುದೆಂಬುದು ಲಾಭ. ಯಾವ ಪುಟ ಯಾವ ಕರ್ನೆಲ್ಲಿಗೆ ಸೇರಿದ್ದೆಂಬುದರಲ್ಲಿ ಹೊಸಬರಿಗೆ ಗೊಂದಲವಾಗುವುದು ನಷ್ಟ. ಪ್ಯಾಕೇಜನ್ನು ಒಂದು ಪೈಥಾನಿಗೆ ಸ್ಥಾಪಿಸಿ, ಕರ್ನೆಲ್ಲನ್ನು ಇನ್ನೊಂದು ಪೈಥಾನಿನಿಂದ ನಡೆಯಿಸಿ, ‘ಸ್ಥಾಪಿಸಿದ್ದು ಕಾಣಿಸುತ್ತಿಲ್ಲ’ ಎಂದು ಬೆರಗಾಗುವುದು ಇಂದಿಗೂ ಪ್ರಯೋಗಶಾಲೆಗಳಲ್ಲಿ ಸಾಮಾನ್ಯವಾದ ಅನುಭವ.

೫. ಡೆಸ್ಕ್‌ಟಾಪಿನಲ್ಲಿ ಸ್ಥಾಪನೆ

ಪೈಥಾನಿನ ಪ್ಯಾಕೇಜುಗಳನ್ನು ಜಾಲದಿಂದ ತಂದು ನೆಲೆಗೊಳಿಸುವ ‘ಪಿಪ್’ ಎಂಬ ಸಾಧನವು ೨೦೦೮ರಲ್ಲಿ ಹುಟ್ಟಿತು. ಒಂದು ಕೆಲಸದ ಪ್ಯಾಕೇಜುಗಳು ಇನ್ನೊಂದು ಕೆಲಸದ ಪ್ಯಾಕೇಜುಗಳೊಡನೆ ಬೆರೆಯದಂತೆ ಪ್ರತ್ಯೇಕ ಆವರಣಗಳನ್ನು ನಿರ್ಮಿಸಿಕೊಡುವ ‘ವರ್ಚುಯಲ್‌ಎನ್ವ್’ ಅದಕ್ಕೆ ಒಂದು ವರ್ಷ ಮುಂಚೆಯೇ ಬಂದಿದ್ದಿತು. ಆದರೆ ಪಿಪ್ ಪೈಥಾನ್ ಪ್ಯಾಕೇಜುಗಳನ್ನು ಮಾತ್ರ ಬಲ್ಲದು. ಅವುಗಳ ಕೆಳಗಿರುವ ಫೋರ್ಟ್ರಾನ್ ಭಾಗಗಳ ವ್ಯವಸ್ಥೆಯನ್ನು ಬಳಕೆದಾರನೇ ನೋಡಿಕೊಳ್ಳಬೇಕಾಗಿದ್ದಿತು.

ಈ ಕೊರತೆಯನ್ನು ತುಂಬಲು ಟ್ರಾವಿಸ್ ಆಲಿಫೆಂಟ್ ಮತ್ತು ಪೀಟರ್ ವಾಂಗ್ ಅವರು ೨೦೧೨ರಲ್ಲಿ ಟೆಕ್ಸಸಿನ ಆಸ್ಟಿನ್ ನಗರದಲ್ಲಿ ಸ್ಥಾಪಿಸಿದ ಸಂಸ್ಥೆಯು ‘ಅನಕೊಂಡ’ ಎಂಬ ಸಂಗ್ರಹವನ್ನೂ ‘ಕೊಂಡ’ ಎಂಬ ಸಾಧನವನ್ನೂ ಹೊರತಂದಿತು. ಪೈಥಾನ್, ಅದರ ವೈಜ್ಞಾನಿಕ ಪ್ಯಾಕೇಜುಗಳು, ಅವುಗಳ ಕೆಳಗಿನ ಫೋರ್ಟ್ರಾನ್ ಮತ್ತು ಸಿ ಭಾಗಗಳು, ನೋಟ್‌ಬುಕ್ ಎಲ್ಲವೂ ಸಿದ್ಧರೂಪದಲ್ಲಿ ಒಂದೇ ಕಡತವಾಗಿ ದೊರೆತುವು. ವಿಂಡೋಸಿನ ಬಳಕೆದಾರನು ಕಂಪೈಲರಿನ ಹೆಸರನ್ನೇ ಕೇಳದೆ ನೋಟ್‌ಬುಕ್ಕನ್ನು ತೆರೆಯಬಲ್ಲವನಾದನು. ನಮ್ಮ ದೇಶದ ಕಾಲೇಜುಗಳಲ್ಲಿಯೂ ನೋಟ್‌ಬುಕ್ ಹರಡಲು ಈ ಕಟ್ಟು ಬಹುಮಟ್ಟಿಗೆ ಕಾರಣವೆಂದರೆ ತಪ್ಪಾಗಲಾರದು. ೨೦೧೫ರಲ್ಲಿ ಸ್ವಯಂಸೇವಕರು ‘ಕೊಂಡ-ಫೋರ್ಜ್’ ಎಂಬ ಸಾರ್ವಜನಿಕ ಭಂಡಾರವನ್ನು ಆರಂಭಿಸಿದರು. ಪಿಪ್ ಕೂಡ ಹಿಂದೆ ಬೀಳಲಿಲ್ಲ. ‘ವ್ಹೀಲ್’ ಎಂಬ ಸಿದ್ಧರೂಪದ ಕಟ್ಟುಗಳಿಗೆ ೨೦೧೩ರಲ್ಲಿ ಒಪ್ಪಿಗೆ ದೊರೆತು, ೨೦೧೬ರಲ್ಲಿ ಬಹುತೇಕ ಲಿನಕ್ಸ್‌ಗಳಿಗೂ ಹೊಂದುವ ವ್ಹೀಲುಗಳ ಕ್ರಮ ಗೊತ್ತಾದ ಮೇಲೆ, ಅದರಿಂದಲೂ ನಂಪೈ, ಸೈಪೈಗಳನ್ನು ಸುಲಭವಾಗಿ ನೆಲೆಗೊಳಿಸಬಹುದಾಯಿತು. ೨೦೨೧ರಲ್ಲಿ ‘ಜೂಪಿಟರ್‌ಲ್ಯಾಬ್ ಡೆಸ್ಕ್‌ಟಾಪ್’ ಎಂಬ, ಇತರ ಸಾಮಾನ್ಯ ತಂತ್ರಾಂಶಗಳಂತೆಯೇ ಗುಂಡಿಯೊತ್ತಿ ಸ್ಥಾಪಿಸಬಹುದಾದ ರೂಪವೂ ಬಂದಿತು.

ಆದರೂ ಸಿದ್ಧ ಕಟ್ಟಿಗೆ ಒಂದು ಬೆಲೆಯಿದೆ. ಕಟ್ಟುವವನನ್ನು ನೆಚ್ಚಬೇಕು. ೨೦೨೦ರಲ್ಲಿ ಅನಕೊಂಡ ಸಂಸ್ಥೆಯು ತನ್ನ ನಿಬಂಧನೆಗಳನ್ನು ಬದಲಾಯಿಸಿ, ೨೦೦ಕ್ಕೂ ಹೆಚ್ಚು ನೌಕರರುಳ್ಳ ವ್ಯಾಪಾರಸಂಸ್ಥೆಗಳು ತನ್ನ ಭಂಡಾರವನ್ನು ಬಳಸಲು ಹಣ ಕೊಡಬೇಕೆಂದು ವಿಧಿಸಿತು. ಭಂಡಾರವನ್ನು ನಡೆಸಲು ವೆಚ್ಚವಾಗುವುದರಿಂದ ಇದನ್ನು ಅನ್ಯಾಯವೆನ್ನಲಾಗದು. ಆದರೆ ಕಟ್ಟಿನೊಳಗಿನ ವಸ್ತು ಮುಕ್ತವಾದರೂ ಅದನ್ನು ತಲುಪಿಸುವ ದಾರಿ ಮುಕ್ತವಾಗಿರಲೇಬೇಕೆಂದಿಲ್ಲ ಎಂಬ ಪಾಠ ಇದರಿಂದ ತಿಳಿಯುತ್ತದೆ.

೬. ಸರ್ವರಿನಲ್ಲಿ ಸ್ಥಾಪನೆ

ನೂರು ಮಂದಿ ವಿದ್ಯಾರ್ಥಿಗಳಿರುವ ತರಗತಿಯಲ್ಲಿ ನೂರು ಬಗೆಯ ಯಂತ್ರಗಳಿರುತ್ತವೆ. ಒಬ್ಬೊಬ್ಬರ ಯಂತ್ರದಲ್ಲಿಯೂ ಸ್ಥಾಪನೆ ಮುಗಿಯುವ ಹೊತ್ತಿಗೆ ಪಾಠದ ಮೊದಲ ವಾರವೇ ಕಳೆದುಹೋಗುವುದುಂಟು. ಇದಕ್ಕೆ ಪರಿಹಾರವೆಂದರೆ ಮ್ಯಾಕ್ಸಿಮಾದ ಹಳೆಯ ಪದ್ಧತಿಗೆ ಮರಳುವುದು: ಒಂದೇ ಕಡೆ ಸ್ಥಾಪಿಸಿ ಎಲ್ಲರಿಗೂ ಬಾಗಿಲು ತೆರೆಯುವುದು.

ಆದರೆ ಒಬ್ಬನಿಗಾಗಿ ರಚಿಸಿದ ನೋಟ್‌ಬುಕ್ ಸರ್ವರನ್ನು ಹಾಗೆಯೇ ಜಾಲಕ್ಕೆ ತೆರೆದಿಡುವುದು ಅಪಾಯಕರ. ಯಾವ ಆದೇಶವನ್ನು ಕೊಟ್ಟರೂ ಅದನ್ನು ಯಂತ್ರದಲ್ಲಿ ನಡೆಯಿಸುವುದೇ ಅದರ ಧರ್ಮ. ದ್ವಾರವನ್ನು ತಟ್ಟಿದವನು ಮಿತ್ರನೋ ಶತ್ರುವೋ ಅದು ಅರಿಯದು. ೨೦೧೬ರ ಡಿಸೆಂಬರಿನಲ್ಲಿ ಬಂದ ೪.೩ನೆಯ ಆವೃತ್ತಿಯವರೆಗೂ, ಬಳಕೆದಾರನು ತಾನಾಗಿ ಪಾಸ್‌ವರ್ಡ್ ಇಡದಿದ್ದರೆ, ಯಾವ ಕಾವಲೂ ಇರುತ್ತಿರಲಿಲ್ಲ. ಆ ಆವೃತ್ತಿಯಿಂದ ಮುಂದೆ ಪ್ರತಿ ಸಲವೂ ಒಂದು ರಹಸ್ಯಪದವನ್ನು ಯಂತ್ರವೇ ಸೃಷ್ಟಿಸಿ ಕೇಳುವ ಕ್ರಮ ಬಂದಿತು.

ಹಲವರಿಗೆ ಒಟ್ಟಾಗಿ ನೋಟ್‌ಬುಕ್ ಒದಗಿಸಲು ರಚಿತವಾದುದು ‘ಜೂಪಿಟರ್‌ಹಬ್’. ಇದರ ಮೊದಲ ಆವೃತ್ತಿ ೨೦೧೫ರಲ್ಲಿ ಬಂದಿತು. ಬಾಗಿಲಲ್ಲಿ ನಿಂತು ಬಂದವರನ್ನು ಸರಿಯಾದ ಕಡೆಗೆ ಕಳುಹಿಸುವ ಪ್ರಾಕ್ಸಿ, ಗುರುತನ್ನು ಪರೀಕ್ಷಿಸುವ ಹಬ್, ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಎಚ್ಚರಗೊಳ್ಳುವ ನೋಟ್‌ಬುಕ್ ಸರ್ವರ್ ಎಂಬ ಮೂರು ಅಂಗಗಳು ಇದಕ್ಕಿವೆ. ಅದೇ ವರ್ಷ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ‘ಡೇಟಾ ೮’ ಎಂಬ ಪ್ರಥಮ ವರ್ಷದ ಪಾಠಕ್ರಮವು ಆರಂಭವಾಯಿತು. ವಿದ್ಯಾರ್ಥಿಗಳು ತಮ್ಮ ಯಂತ್ರದಲ್ಲಿ ಏನನ್ನೂ ಸ್ಥಾಪಿಸದೆ, ಬ್ರೌಸರೊಂದರಿಂದಲೇ ಪಾಠವನ್ನು ಅನುಸರಿಸಿದರು. ಕೆಲವೇ ವರ್ಷಗಳಲ್ಲಿ ಒಂದು ಅವಧಿಯ ವಿದ್ಯಾರ್ಥಿಗಳ ಸಂಖ್ಯೆ ಸಾವಿರವನ್ನು ಮೀರಿತು. ದುಬಾರಿ ಯಂತ್ರವುಳ್ಳವನಿಗೂ ಹಳೆಯ ಯಂತ್ರವುಳ್ಳವನಿಗೂ ಇದರಿಂದ ಸಮಾನ ಅವಕಾಶ ದೊರೆಯಿತು.

ಚಿಕ್ಕ ಸಂಸ್ಥೆಗಳಿಗಾಗಿ ೨೦೧೮ರಲ್ಲಿ ‘ದಿ ಲಿಟ್ಲೆಸ್ಟ್ ಜೂಪಿಟರ್‌ಹಬ್’ ಎಂಬ ಸಂಕ್ಷಿಪ್ತ ರೂಪವು ಬಂದಿತು. ಉಬುಂಟು ಇರುವ ಒಂದೇ ಯಂತ್ರದಲ್ಲಿ, ಸುಮಾರು ೧೦೦ ಮಂದಿಯವರೆಗೆ ಸೇವೆ ಒದಗಿಸುವುದು ಇದರ ಗುರಿ. ಇನ್ನೊಂದು ಕಡೆ, ೨೦೧೬ರಲ್ಲಿ ಹುಟ್ಟಿದ ‘ಬೈಂಡರ್’ ಎಂಬ ಸೇವೆಯು, ನೋಟ್‌ಬುಕ್ಕಿನೊಡನೆ ಬರೆದಿಟ್ಟ ಪ್ಯಾಕೇಜುಗಳ ಪಟ್ಟಿಯನ್ನು ಓದಿ, ಅದಕ್ಕೆ ತಕ್ಕ ಪರಿಸರವನ್ನು ತಾನೇ ನಿರ್ಮಿಸಿ ಓದುಗನಿಗೆ ತೆರೆದುಕೊಡುವ ವಿಧಾನವನ್ನು ಆಚರಣೆಗೆ ತಂದಿತು. ೨೦೧೭ರಲ್ಲಿ ಗೂಗಲ್ ಸಂಸ್ಥೆಯು ‘ಕೊಲ್ಯಾಬ್’ ಸೇವೆಯನ್ನು ಸಾರ್ವಜನಿಕರಿಗೆ ತೆರೆಯಿತು. ಅದರಲ್ಲಿ ಸ್ಥಾಪನೆಯ ಮಾತೇ ಇಲ್ಲ. ಆದರೆ ಯಂತ್ರವು ತಾತ್ಕಾಲಿಕವಾಗಿ ದೊರೆಯುತ್ತದೆ. ಅವಧಿ ಮುಗಿದೊಡನೆ ಬಳಕೆದಾರನು ಅದರಲ್ಲಿ ಸೇರಿಸಿದ ಪ್ಯಾಕೇಜುಗಳೆಲ್ಲ ಅಳಿದುಹೋಗುತ್ತವೆ.

ಪರರ ಸರ್ವರನ್ನು ನೆಚ್ಚುವುದರ ಮಿತಿಯನ್ನು ಮೈಕ್ರೋಸಾಫ್ಟಿನ ‘ಅಜ್ಯೂರ್ ನೋಟ್‌ಬುಕ್ಸ್’ ಸೇವೆಯ ವೃತ್ತಾಂತವು ತೋರಿಸುತ್ತದೆ. ಹಲವು ವರ್ಷ ಉಚಿತವಾಗಿ ನಡೆದ ಆ ಸೇವೆಯು ೨೦೨೧ರ ಆರಂಭದಲ್ಲಿ ನಿಂತುಹೋಯಿತು. ಅಲ್ಲಿ ಪಾಠಗಳನ್ನು ಇರಿಸಿದ್ದವರು ಅವನ್ನು ಬೇರೆಡೆಗೆ ಸಾಗಿಸಬೇಕಾಯಿತು.

೭. ಪರೀಕ್ಷೆಯ ಫಲ

ಇಷ್ಟು ಸಾಧನಗಳು ಬಂದ ಮೇಲೆ ನೋಟ್‌ಬುಕ್ ತನ್ನ ಮೂಲ ವಾಗ್ದಾನವನ್ನು ನಡೆಸಿಕೊಟ್ಟಿತೇ? ಓದುವವನು ಬರೆದವನ ಲೆಕ್ಕವನ್ನು ಪುನಃ ನಡೆಯಿಸಿ ನೋಡುವುದು ಸಾಧ್ಯವಾಯಿತೇ? ಇದಕ್ಕೆ ಎರಡು ಉದಾಹರಣೆಗಳನ್ನು ಎದುರುಬದುರಾಗಿ ಇರಿಸಿ ನೋಡಬಹುದು.

೨೦೧೫ರ ಸೆಪ್ಟೆಂಬರ್ ೧೪ರಂದು ಲೈಗೋ ವೀಕ್ಷಣಾಲಯಗಳು ಮೊತ್ತಮೊದಲ ಬಾರಿಗೆ ಗುರುತ್ವ ತರಂಗವನ್ನು ಗ್ರಹಿಸಿದುವು. ೨೦೧೬ರ ಫೆಬ್ರವರಿ ೧೧ರಂದು ಆ ಸಂಗತಿಯನ್ನು ಲೋಕಕ್ಕೆ ಸಾರಿದಾಗ, ದತ್ತಾಂಶದೊಡನೆ ಅದನ್ನು ವಿಶ್ಲೇಷಿಸುವ ನೋಟ್‌ಬುಕ್ಕನ್ನೂ ಪ್ರಕಟಿಸಲಾಯಿತು. ಶತಮಾನದ ಮಹತ್ತಾದ ಶೋಧವೊಂದನ್ನು ಕಾಲೇಜಿನ ವಿದ್ಯಾರ್ಥಿಯೂ ತನ್ನ ಮೇಜಿನ ಮೇಲೆ ಹಂತಹಂತವಾಗಿ ಅನುಸರಿಸಬಹುದಾಯಿತು. ೨೦೧೭ನೆಯ ವರ್ಷದ ಎಸಿಎಂ ತಂತ್ರಾಂಶ ವ್ಯವಸ್ಥೆಯ ಪ್ರಶಸ್ತಿಯು ಜೂಪಿಟರ್ ಯೋಜನೆಗೆ ಸಂದಿತು.

ಇದಕ್ಕೆ ವ್ಯತಿರಿಕ್ತವಾದ ಚಿತ್ರವನ್ನು ೨೦೧೯ರಲ್ಲಿ ಪಿಮೆಂಟೆಲ್, ಮುರ್ತಾ, ಬ್ರಗನೋಲೊ, ಫ್ರೇರೆ ಎಂಬ ನಾಲ್ವರು ವಿದ್ವಾಂಸರು ಮುಂದಿಟ್ಟರು. ಗಿಟ್‌ಹಬ್ ಎಂಬ ಸಾರ್ವಜನಿಕ ಭಂಡಾರದಿಂದ ಅವರು ಸುಮಾರು ೧೪ ಲಕ್ಷ ನೋಟ್‌ಬುಕ್ಕುಗಳನ್ನು ಸಂಗ್ರಹಿಸಿ, ಅವುಗಳ ಪೈಕಿ ಯೋಗ್ಯವಾದವನ್ನು ಆರಿಸಿ ಪುನಃ ನಡೆಯಿಸಿ ನೋಡಿದರು. ದೋಷವಿಲ್ಲದೆ ಕೊನೆಯವರೆಗೂ ನಡೆದುವು ಶೇಕಡಾ ೨೪ರಷ್ಟು ಮಾತ್ರ. ಮೊದಲಿನ ಫಲವನ್ನೇ ಮತ್ತೆ ಕೊಟ್ಟುವು ಶೇಕಡಾ ೪ರಷ್ಟು ಮಾತ್ರ. ಈ ವೈಫಲ್ಯಕ್ಕೆ ಮುಖ್ಯವಾಗಿ ಕಂಡುಬಂದ ಕಾರಣಗಳೆಂದರೆ ಬೇಕಾದ ಪ್ಯಾಕೇಜು ಯಂತ್ರದಲ್ಲಿ ಇಲ್ಲದಿರುವುದು, ಹೇಳಿದ ಕಡತ ಸಿಗದಿರುವುದು, ಹಿಂದೆ ಹೆಸರಿಸದ ಪದವನ್ನು ಬಳಸಿರುವುದು. ಇವುಗಳಲ್ಲಿ ಮೂರನೆಯದು ಬರೆಯುವ ಕ್ರಮದ ದೋಷ. ನೋಟ್‌ಬುಕ್ಕಿನ ಆದೇಶಗಳನ್ನು ಮೇಲಿನಿಂದ ಕೆಳಕ್ಕೆ ನಡೆಯಿಸದೆ ಹಿಂದುಮುಂದಾಗಿ ನಡೆಯಿಸಿದಾಗ ಅದು ಹುಟ್ಟುತ್ತದೆ. ಜೋಯೆಲ್ ಗ್ರಸ್ ಅವರು ೨೦೧೮ರ ಜೂಪಿಟರ್ ಸಮ್ಮೇಳನದಲ್ಲಿಯೇ ಈ ದೋಷವನ್ನು ಬಹಿರಂಗವಾಗಿ ಖಂಡಿಸಿದ್ದರು. ಮೊದಲೆರಡು ಕಾರಣಗಳಾದರೋ ಸ್ಥಾಪನೆಗೂ ಪರಿಸರಕ್ಕೂ ಸೇರಿದವು.

ಇಲ್ಲಿ ಒಂದು ತಾತ್ತ್ವಿಕ ಅಂಶವನ್ನು ಗಮನಿಸಬೇಕು. ನೋಟ್‌ಬುಕ್ಕಿನ ಕಡತವು ಆದೇಶವನ್ನೂ ಫಲವನ್ನೂ ತನ್ನೊಳಗೆ ಇಟ್ಟುಕೊಳ್ಳುತ್ತದೆ. ಆದರೆ ಆ ಆದೇಶವು ಯಾವ ಪ್ಯಾಕೇಜಿನ ಯಾವ ಆವೃತ್ತಿಯ ಮೇಲೆ ನಡೆಯಿತೆಂಬುದನ್ನು ಸಾಮಾನ್ಯವಾಗಿ ಇಟ್ಟುಕೊಳ್ಳುವುದಿಲ್ಲ. ನಂಪೈಯ ಇಂದಿನ ಆವೃತ್ತಿಯು ಹತ್ತು ವರ್ಷದ ಹಿಂದಿನ ಆವೃತ್ತಿಯಂತೆಯೇ ಎಲ್ಲ ಆದೇಶಗಳಿಗೂ ಉತ್ತರ ಕೊಡುವುದಿಲ್ಲ. ತಾಳೆಗರಿಯ ಗ್ರಂಥವೊಂದನ್ನು ಸಂಪಾದಿಸುವವರು ಪ್ರತಿಯ ಲಿಪಿ, ಕಾಲ, ದೊರೆತ ಸ್ಥಳಗಳನ್ನು ಪೀಠಿಕೆಯಲ್ಲಿ ನಮೂದಿಸುವರಷ್ಟೆ. ನೋಟ್‌ಬುಕ್ಕಿಗೂ ಅಂತಹ ಪ್ರತಿವಿವರ ಅವಶ್ಯಕ. ಪಿಪ್ ಮತ್ತು ಕೊಂಡಗಳೆರಡರಲ್ಲಿಯೂ, ನೆಲೆಗೊಂಡ ಪ್ಯಾಕೇಜುಗಳ ಹೆಸರು ಮತ್ತು ಆವೃತ್ತಿಗಳನ್ನು ಒಂದು ಕಡತಕ್ಕೆ ಬರೆದುಕೊಡುವ ಆದೇಶವಿದೆ. ಕ್ಷಣಮಾತ್ರದ ಈ ಕೆಲಸವನ್ನು ಮಾಡದೆ ಬಿಟ್ಟುದರಿಂದ ಲಕ್ಷಗಟ್ಟಲೆ ನೋಟ್‌ಬುಕ್ಕುಗಳು ಮೂಕವಾಗಿವೆ.

೮. ಉಪಸಂಹಾರ

ಮೇಲಿನ ಸಮೀಕ್ಷೆಯಿಂದ ಮುಖ್ಯವಾಗಿ ಒಂದು ತತ್ತ್ವ ಹೊರಪಡುತ್ತದೆ. ಸ್ಥಾಪನೆಯ ಶ್ರಮವು ಎಂದೂ ಇಲ್ಲವಾಗಲಿಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತ ಬಂದಿತು. ಮ್ಯಾಕ್ಸಿಮಾದ ಕಾಲದಲ್ಲಿ ಅದು ಯಂತ್ರಪಾಲಕರದಾಗಿದ್ದಿತು. ಮ್ಯಾಥಮ್ಯಾಟಿಕದಲ್ಲಿ ಮಾರುವ ಸಂಸ್ಥೆಯದಾಯಿತು. ಐಪೈಥಾನಿನ ಆರಂಭದಲ್ಲಿ ಬಳಕೆದಾರನ ತಲೆಯ ಮೇಲೆ ಬಿದ್ದಿತು. ಅನಕೊಂಡದಲ್ಲಿ ಕಟ್ಟುವವರಿಗೂ, ಜೂಪಿಟರ್‌ಹಬ್ಬಿನಲ್ಲಿ ಮತ್ತೆ ಯಂತ್ರಪಾಲಕರಿಗೂ ಸಂದಿತು. ೨೦೨೧ರಲ್ಲಿ ಬಂದ ‘ಜೂಪಿಟರ್‌ಲೈಟ್’ ಕರ್ನೆಲ್ಲನ್ನೂ ಬ್ರೌಸರಿನೊಳಗೇ ನಡೆಯಿಸಿ, ಸರ್ವರ್ ಮತ್ತು ಸ್ಥಾಪನೆಗಳೆರಡನ್ನೂ ಬಳಕೆದಾರನ ಕಣ್ಣಿನಿಂದ ಮರೆಮಾಡಿದೆ. ಆದರೂ ಪೈಥಾನನ್ನು ಬ್ರೌಸರಿಗೆ ಒಗ್ಗಿಸುವ ಶ್ರಮವನ್ನು ಬೇರೆ ಯಾರೋ ವಹಿಸಿಯೇ ಇದ್ದಾರೆ. ಶ್ರಮವನ್ನು ಯಾರು ವಹಿಸುವರೋ ಅಧಿಕಾರವೂ ಸ್ವಲ್ಪಮಟ್ಟಿಗೆ ಅವರ ಕೈಯಲ್ಲಿಯೇ ಇರುತ್ತದೆ.

ನಮ್ಮ ಕಾಲೇಜುಗಳ ಮಟ್ಟಿಗೆ ಇದರಿಂದ ಏನನ್ನು ಗ್ರಹಿಸಬೇಕು? ಉಚಿತವಾದ ಪರಸೇವೆ ಸುಲಭವಾಗಿ ದೊರೆಯುವಾಗ ಅದನ್ನು ಬಳಸುವುದರಲ್ಲಿ ತಪ್ಪಿಲ್ಲ. ಆದರೆ ಒಂದು ವಿಭಾಗದ ಪಾಠಗಳೂ ಸಂಶೋಧನೆಯ ಲೆಕ್ಕಗಳೂ ಪೂರ್ಣವಾಗಿ ಅದನ್ನೇ ನೆಚ್ಚಿದ್ದರೆ, ಆ ಸೇವೆ ನಿಂತ ದಿನ ವಿಭಾಗದ ಕೈಯಲ್ಲಿ ಏನೂ ಉಳಿಯದು. ಪ್ರಯೋಗಶಾಲೆಯ ಒಂದು ಯಂತ್ರದಲ್ಲಿ ಚಿಕ್ಕ ಹಬ್ಬೊಂದನ್ನು ಸ್ಥಾಪಿಸಿದರೆ, ಹೊರಗಿನ ಜಾಲ ಕಡಿದುಹೋದಾಗಲೂ ಕಟ್ಟಡದೊಳಗಿನ ಜಾಲದ ಮೂಲಕ ಪಾಠ ನಡೆಯಬಲ್ಲದು. ಉಳಿದ ಯಂತ್ರಗಳು ಎಷ್ಟೇ ಹಳೆಯವಾದರೂ ಬ್ರೌಸರ್ ತೆರೆದರೆ ಸಾಕು. ಅಷ್ಟೇ ಮುಖ್ಯವಾದುದು, ಹಬ್ಬನ್ನು ಸ್ಥಾಪಿಸುವ ಕೆಲಸದಲ್ಲಿ ವಿದ್ಯಾರ್ಥಿಗಳನ್ನೂ ತೊಡಗಿಸುವುದು. ಸ್ಥಾಪನೆಯನ್ನು ಬಲ್ಲವನಿಗೆ ತನ್ನ ಲೆಕ್ಕವು ಯಾವ ಅಡಿಪಾಯದ ಮೇಲೆ ನಿಂತಿದೆಯೆಂಬ ಅರಿವಿರುತ್ತದೆ.

ನೋಟ್‌ಬುಕ್ಕಿನ ಕಡತವು ಯೂನಿಕೋಡ್ ಬರಹವಾದುದರಿಂದ ಅದರ ವಿವರಣೆಯನ್ನು ಕನ್ನಡದಲ್ಲಿಯೇ ಬರೆಯಬಹುದು. ೨೦೦೮ರ ಡಿಸೆಂಬರಿನಲ್ಲಿ ಬಂದ ಪೈಥಾನ್ ೩ರಿಂದ ಈಚೆಗೆ, ಆದೇಶದೊಳಗಿನ ಚರಗಳಿಗೂ ಕನ್ನಡ ಅಕ್ಷರಗಳ ಹೆಸರನ್ನು ಕೊಡಬಹುದು. ಕನ್ನಡದಲ್ಲಿ ಬರೆದ ಗಣಿತದ ಪಾಠವೊಂದನ್ನು ಇಪ್ಪತ್ತು ವರ್ಷಗಳ ಅನಂತರ ಒಬ್ಬ ವಿದ್ಯಾರ್ಥಿಯು ತೆರೆದು, ಅದೇ ಲೆಕ್ಕವನ್ನು ನಡೆಯಿಸಿ, ಅದೇ ಉತ್ತರವನ್ನು ಪಡೆಯಬೇಕಾದರೆ, ಇಂದು ಬರೆಯುವವರು ಪಾಠದ ಪಕ್ಕದಲ್ಲಿ ಅದರ ಪರಿಸರದ ಪಟ್ಟಿಯನ್ನೂ ಇಟ್ಟುಹೋಗಬೇಕು. ಇದನ್ನು ಪಾಠಕ್ರಮದ ಒಂದು ನಿಯಮವನ್ನಾಗಿ ವಿಧಿಸಲು ನಮ್ಮ ವಿಭಾಗಗಳಿಗೆ ಯಾವ ವೆಚ್ಚವೂ ಆಗದು.